ಏಳನೇ ಗಾಡಿಯ ಕೆಂಪು ಫಿಲ್ಟರ್

ಈ ಪ್ರಕರಣವನ್ನು ಬರೆಯಲು ಕೂತಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಬೇರೆಯವರ ಕರಡು ತಿದ್ದಿದವನು ನಾನು. ಆದರೂ ಇದರ ಮೊದಲ ಎರಡು ಪ್ರತಿಗಳಲ್ಲಿ ನಾನೇ ಕಾಗುಣಿತ ತಪ್ಪಿ, ಹರಿದು ಬುಟ್ಟಿಗೆ ಹಾಕಿದ್ದೇನೆ. ನನ್ನ ಅತ್ತಿಗೆಗೆ ಹೀಗೆಲ್ಲ ಆಗುವುದಿಲ್ಲ. ಅವರು ಸಿಟ್ಟನ್ನು ಮಡಿಸಿ ಒಳಗಿಟ್ಟುಕೊಂಡು, ಬೇಕಾದ ಹೊತ್ತಿಗೆ ಮಾತ್ರ ತೆಗೆಯುವವರು.

ಅಣ್ಣ ತೀರಿಕೊಂಡ ಮೇಲೆ ಅವನ ಕನ್ನಡಕದಂಗಡಿಯನ್ನು ನಡೆಸುತ್ತಿರುವವರು ಅವರೇ. ಬೀದಿಯವರೆಲ್ಲ, ವಯಸ್ಸಿನಲ್ಲಿ ದೊಡ್ಡವರು ಕೂಡ, ಅವರನ್ನು ಅತ್ತಿಗೆ ಎಂದೇ ಕರೆಯುತ್ತಾರೆ. ಕನ್ನಡಕಕ್ಕೆಂದು ಬಂದವರು ಕಳೆದುಹೋದ ಉಂಗುರದ ವಿಷಯ, ಸುಳ್ಳು ಸಹಿಯ ವಿಷಯ ಹೇಳಿಕೊಂಡು, ಕೊನೆಗೆ ಕನ್ನಡಕ ಮರೆತು ಹೋಗುವುದುಂಟು. ನಾನು ಗಲ್ಲಾದ ಹಿಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತೇನೆ.

ಆ ಗುರುವಾರ ಅಂಗಡಿಯ ಬಾಗಿಲು ತೆರೆದು ಇನ್ನೂ ಗಾಜು ಒರೆಸಿರಲಿಲ್ಲ. ಸ್ಪ್ಯಾನರ್ ಅಕ್ಕ ಒಳಗೆ ಬಂದಳು. ಹಾಗೆಂದರೆ ನಮ್ಮ ಬಡಾವಣೆಯಲ್ಲಿ ಎಲ್ಲರಿಗೂ ಗೊತ್ತು. ರಕ್ತದ ಮಾದರಿಗಳನ್ನು ದವಾಖಾನೆಗಳಿಂದ ಪ್ರಯೋಗಾಲಯಕ್ಕೆ ಸಾಗಿಸುವ ಒಂದು ಸಂಸ್ಥೆಯಲ್ಲಿ ಹತ್ತು ಬೈಕುಗಳ ಆರೈಕೆ ಅವಳದು. ಉಗುರಿನ ಸಂದಿಯಲ್ಲಿ ಯಾವತ್ತೂ ಕರಿ ಗ್ರೀಸು ಇರುತ್ತಿದ್ದ ಕೈ ಅಂದು ಸ್ವಚ್ಛವಾಗಿತ್ತು. ಅದನ್ನು ನೋಡಿಯೇ ನನಗೆ ಏನೋ ಕೆಟ್ಟದ್ದಾಗಿದೆ ಅನ್ನಿಸಿತು.

"ಅತ್ತಿಗೆ, ಒಂದು ಕಾಗದ ಓದಿ ಹೇಳ್ಬೇಕು," ಎಂದು ಮಡಿಸಿದ ಹಾಳೆ ಮುಂದಿಟ್ಟಳು.

ನಾನೇ ಓದಿದೆ. 'ಕಂಪನಿಯ ಏರ್ ಫಿಲ್ಟರ್ ತೆಗೆದು ಹೊರಗಿನ ಫಿಲ್ಟರ್ ಹಾಕಿಸಿದ್ದು ನಾನು. ಅದಕ್ಕೆ ಎಣ್ಣೆ ಹಾಕದೆ ಬಿಟ್ಟ ನನ್ನ ನಿರ್ಲಕ್ಷ್ಯದಿಂದಲೇ ಏಳನೇ ನಂಬರ್ ಗಾಡಿಯ ಎಂಜಿನ್ ಹಾಳಾಗಿ ಸವಾರನಿಗೆ ಪೆಟ್ಟಾಯಿತು.' ಕೆಳಗೆ ಸಹಿಗೆ ಜಾಗ. ನಾಲ್ಕು ಸಾಲಿನಲ್ಲಿ ಮೂರು ಕಾಗುಣಿತದ ತಪ್ಪುಗಳಿದ್ದವು.

"ಶನಿವಾರ ಸಂಜೆಯೊಳಗೆ ಸಹಿ ಹಾಕ್ಬೇಕಂತೆ. ಪ್ರಯೋಗಾಲಯದವರು ವಿವರಣೆ ಕೇಳಿದ್ದಾರಂತೆ. ಮ್ಯಾನೇಜರ್ ಬರೆದು ಕೊಟ್ಟಿದ್ದು."

"ಮ್ಯಾನೇಜರ್ ಅಂದ್ರೆ?"

"ಯಜಮಾನರ ಅಳಿಯ."

"ಬಿದ್ದ ಸವಾರ ಯಾರಮ್ಮ?" ಅತ್ತಿಗೆ ಕೇಳಿದರು.

ಅವಳು ತಲೆ ಎತ್ತಲಿಲ್ಲ. "ನನ್ನ ತಮ್ಮ. ಹದಿನಾರು ದಿನ ಆಯ್ತು. ಇಳಿಜಾರಲ್ಲಿ ಎಂಜಿನ್ ಗಕ್ಕಂತ ಹಿಡಕೊಂಡು ಹಿಂದಿನ ಚಕ್ರ ನಿಂತುಬಿಡ್ತು. ತೊಡೆ ಮೂಳೆ ಮುರಿದಿದೆ. ಆಪರೇಷನ್ ಆಗಿ ಮನೆಗೆ ಬಂದಿದ್ದಾನೆ. ಕೆಲಸ ಹೋದ್ರೆ ಹೋಗ್ಲಿ ಅತ್ತಿಗೆ, ನನಗೆ ಎಲ್ಲಾದ್ರೂ ಸಿಗತ್ತೆ. ಅವನು ನನ್ನ ಹತ್ರ ಮಾತಾಡ್ತಿಲ್ಲ. ನಾನು ಒಳಗೆ ಹೋದ್ರೆ ಗೋಡೆ ಕಡೆ ಮುಖ ತಿರುಗಿಸ್ತಾನೆ. ನನ್ನ ಕೈಯಿಂದಲೇ ಅವನ ಕಾಲು ಮುರೀತು ಅಂತ ನಂಬಿದ್ದಾನೆ."

"ನೀನು ಎಣ್ಣೆ ಹಾಕಿದ್ಯಾ?"

"ಹಾಕಿದ್ದೆ. ಶುಕ್ರವಾರ ತೊಳೆದೆ, ಒಂದು ದಿನ ಪೂರ್ತಿ ನೆರಳಲ್ಲಿ ಒಣಗಿಸಿದೆ, ಶನಿವಾರ ಸಂಜೆ ಎಣ್ಣೆ ಹಾಕಿ ಕೂರಿಸಿದೆ. ಮಂಗಳವಾರ ಅವನು ಬಿದ್ದ."

ಫಿಲ್ಟರಿನ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಧೂಳು ಒಳಗೆ ಹೋಗದಂತೆ ತಡೆಯುವುದು ಏರ್ ಫಿಲ್ಟರ್. ಕಂಪನಿಯಿಂದ ಬರುವುದು ಕಾಗದದ್ದು. ತೊಳೆಯುವಂತಿಲ್ಲ, ಧೂಳು ಕಟ್ಟಿಕೊಂಡರೆ ಎಸೆಯಬೇಕು. ಅವರ ಗಾಡಿಗಳಲ್ಲಿ ಅದು ತಿಂಗಳಿಗೊಮ್ಮೆ ಕಟ್ಟುತ್ತಿತ್ತು. ಇವಳು ಯಜಮಾನರನ್ನು ಒಪ್ಪಿಸಿ, ತೊಳೆದು ಮತ್ತೆ ಬಳಸಬಹುದಾದ ಹತ್ತಿಬಟ್ಟೆಯ ಫಿಲ್ಟರುಗಳನ್ನು ಹೊರಗಿನ ಅಂಗಡಿಯಿಂದ ತರಿಸಿದ್ದಳು. ನೋಡಲು ಲೋಟದ ಹಾಗೆ, ಬಾಯಿಗೆ ದಪ್ಪ ರಬ್ಬರಿನ ಅಂಚು. ಗಾಳಿ ಹೊರಮೈಯಿಂದ ಒಳಕ್ಕೆ ನುಗ್ಗಿ ಬಾಯಿಂದ ಎಂಜಿನ್ನಿಗೆ ಹೋಗುತ್ತದೆ. ಬಟ್ಟೆಗೆ ಹಾಕುವ ಕೆಂಪು ಎಣ್ಣೆಗೆ ಧೂಳು ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ. ಮೂರು ತಿಂಗಳು ಹತ್ತೂ ಗಾಡಿಗಳು ಮುಕ್ಕಾಗದೆ ಓಡಿದ್ದವು.

"ನಮ್ಮ ಶೆಡ್ಡಿನ ಎಂಜಿನ್ ಮೇಸ್ತ್ರಿಗೆ ಮಾತ್ರ ಮೊದಲಿಂದ ಇದು ಹಿಡಿಸಿರಲಿಲ್ಲ," ಎಂದಳು. "ಕಂಪನಿ ಪಾರ್ಟು ಕಂಪನಿ ಪಾರ್ಟೇ ಅಂತ ದಿನಾ ಗೊಣಗ್ತಿದ್ರು."

ನನ್ನ ಮಟ್ಟಿಗೆ ಅಪರಾಧಿ ಸಿಕ್ಕಂತಾಯಿತು. ಹಾಗೆಂದು ಹೇಳಿಯೂ ಬಿಟ್ಟೆ. ಅತ್ತಿಗೆ ನನ್ನನ್ನು ಒಮ್ಮೆ ನೋಡಿ, ಕೊಡೆ ತೆಗೆದುಕೊಂಡು ಹೊರಟರು.

ಮೊದಲು ಹೋದದ್ದು ತಮ್ಮನ ಬಳಿಗೆ. ಒಂದೇ ಕಿಟಕಿಯ ಕೋಣೆ. ಕಾಲನ್ನು ಎರಡು ದಿಂಬಿನ ಮೇಲೆ ಎತ್ತಿ ಇಟ್ಟಿದ್ದರು. ಇಪ್ಪತ್ತಾರರ ವಯಸ್ಸು, ಹದಿನಾರು ದಿನದ ಗಡ್ಡ. ಅಕ್ಕ ಹೊಸ್ತಿಲಾಚೆಯೇ ನಿಂತಳು.

"ಸೋಮವಾರ ಬೆಳಿಗ್ಗೆಯಿಂದಲೇ ಗಾಡಿ ಬೊಬ್ಬೆ ಹೊಡೀತಿತ್ತು," ಅವನು ಅತ್ತಿಗೆಗೆ ಹೇಳಿದ. "ಮ್ಯಾನೇಜರ್‌ಗೆ ಹೇಳಿದೆ. 'ಅದು ನಿಮ್ಮಕ್ಕ ಹಾಕಿರೋ ಫಿಲ್ಟರಿನ ಸದ್ದು, ಅದು ಹಾಗೇ, ಸುಮ್ನೆ ಹೋಗು' ಅಂದ್ರು. ಹೋದೆ. ಎಲ್ಲಿಗೆ ಹೋದೆ ಅಂತ ನೋಡ್ತಿದ್ದೀರಲ್ಲ."

"ಆ ಫಿಲ್ಟರ್ ಹಾಕಿ ಎಷ್ಟು ದಿನ ಆಗಿತ್ತಪ್ಪ?"

"ಮೂರು ತಿಂಗಳು."

"ಮೊದಲು ಸದ್ದು ಮಾಡ್ತಿತ್ತಾ?"

"ಇಲ್ಲ," ಎಂದ ಅವನು. ಅತ್ತಿಗೆ ಮತ್ತೇನೂ ಕೇಳಲಿಲ್ಲ.

ಸಂಸ್ಥೆಯ ಶೆಡ್ಡು ಊರಿನ ಹಳೇ ಗೋದಾಮುಗಳ ಸಾಲಿನಲ್ಲಿತ್ತು. ಅಂಗಳವೆಲ್ಲ ಕರಿ ಧೂಳು. ನಡೆದರೆ ಚಪ್ಪಲಿಯ ಅಚ್ಚು ಬೀಳುತ್ತಿತ್ತು. ಮ್ಯಾನೇಜರ್ ನಮ್ಮನ್ನು ನಗುತ್ತಲೇ ಬರಮಾಡಿಕೊಂಡ. ಮೂವತ್ತರ ಆಸುಪಾಸು, ತೋಳು ಮಡಿಸಿದ ಒಳ್ಳೆಯ ಅಂಗಿ. ಸ್ಪ್ಯಾನರ್ ಅಕ್ಕನನ್ನು ಗೇಟಿನಲ್ಲೇ ನಿಲ್ಲಿಸಿ, ನಮ್ಮಿಬ್ಬರನ್ನು ಮಾತ್ರ ಒಳಗೆ ಬಿಟ್ಟ.

"ನೋಡಿ, ಸಾಕ್ಷಿ ಇದೆ. ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ," ಎಂದು ಮೇಜಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದ. "ಬಿದ್ದ ಸುದ್ದಿ ಬಂದ ಕೂಡ್ಲೆ ನಾನೇ ವ್ಯಾನು ತಗೊಂಡು ಹೋದೆ. ಇಲ್ಲಿ ಎಲ್ಲರ ಮುಂದೆ ಫಿಲ್ಟರ್ ಪೆಟ್ಟಿಗೆ ಬಿಚ್ಚಿದೆ. ಎಣ್ಣೆ ಒಂದು ತೊಟ್ಟಿಲ್ಲ. ಒಳಗೂ ಹೊರಗೂ ಧೂಳು. ಹೆಂಗಸರಿಗೆ ಯಾಕೆ ಈ ಕೆಲಸ ಅಂತ ನಮ್ಮ ಮಾವನವರಿಗೆ ಆಗಲೇ ಹೇಳಿದ್ದೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ನನ್ನ ಮೊಣಕೈ ಹಿಡಿದರು. ತಮ್ಮ ಚಿಕ್ಕ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಫಿಲ್ಟರನ್ನು ಮಗುವಿನ ಕಿವಿ ನೋಡುವ ಹಾಗೆ ಸುತ್ತಲೂ ನೋಡಿದರು. ಮಡಿಕೆಗಳಲ್ಲಿ ಕರಿ ಧೂಳು, ಒಳಮೈಯಲ್ಲೂ ಅಷ್ಟೇ ದಪ್ಪಗೆ. ರಬ್ಬರಿನ ಅಂಚಿನ ಮೇಲೆ ಅವರ ಹೆಬ್ಬೆರಳು ನಿಧಾನವಾಗಿ ಓಡಿತು. ನುಣ್ಣಗಿತ್ತು.

ಏಳನೇ ಗಾಡಿ ಮೂಲೆಯಲ್ಲಿ ನಿಂತಿತ್ತು. ಮೇಸ್ತ್ರಿ ಅದರ ಎಂಜಿನ್ ಬಿಚ್ಚಿಟ್ಟಿದ್ದರು. ಅರವತ್ತು ದಾಟಿದ ಮನುಷ್ಯ, ಮುಖ ಯಾವಾಗಲೂ ಹುಳಿ ತಿಂದ ಹಾಗೆ. ಪಿಸ್ಟನ್ ಮೈಯೆಲ್ಲ ಗೀರುಬಿದ್ದಿತ್ತು. ಫಿಲ್ಟರ್ ಪೆಟ್ಟಿಗೆಯಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯೊಳಗೆ ಅತ್ತಿಗೆ ಒಂದು ಕಾಗದದ ತುಂಡು ಹಾಕಿ ಕೆರೆದರು. ಬಿಳಿ ಮರಳು ಬಂತು. ಅದರಲ್ಲಿ ಕಾಗೆಬಂಗಾರದ ಚೂರುಗಳು ಮಿನುಗುತ್ತಿದ್ದವು.

"ನಿಮ್ಮ ಗಾಡಿಗಳು ಯಾವ ದಾರೀಲಿ ಹೋಗ್ತವೆ ಮೇಸ್ತ್ರಿ?"

"ಎಲ್ಲ ಟಾರು ರಸ್ತೆ ತಾಯಿ. ಇಂಥ ಮರಳು ಊರೊಳಗೆಲ್ಲಿದೆ? ಹೊಳೆ ಪಾತ್ರಕ್ಕೇ ಹೋಗ್ಬೇಕು." ಆಮೇಲೆ ತಾವೇ ಸೇರಿಸಿದರು, "ಆ ಹುಡುಗಿಯ ಫಿಲ್ಟರ್ ನಂಗೆ ಇಷ್ಟ ಇಲ್ಲ, ನಿಜ. ಆದ್ರೆ ಅವಳು ತೊಳೆಯದೆ ಬಿಡೋಳಲ್ಲ. ವ್ಯಾನಲ್ಲಿ ಯಾವಾಗ್ಲೂ ನಾನು ಹೋಗೋದು. ಅವತ್ತು ಮ್ಯಾನೇಜರ್ ನನ್ನ ಬಿಟ್ಟು ಹೋದ್ರು."

ಮರುದಿನ ಬಿಸಿಲಲ್ಲಿ ಅತ್ತಿಗೆ ನನ್ನನ್ನು ಬಸ್ಸು ಹತ್ತಿಸಿ ಊರಾಚೆಯ ಒಣಹೊಳೆಗೆ ಕರೆದೊಯ್ದರು. ಮರಳಿನ ತುಂಬ ಚಕ್ರದ ಗುರುತುಗಳು. ಅಲ್ಲಿ ಮರಳು ಜರಡಿ ಹಿಡಿಯುತ್ತಿದ್ದ ಹೆಂಗಸು ನಮ್ಮನ್ನು ನೋಡಿ ಸೊಂಟ ನೆಟ್ಟಗೆ ಮಾಡಿದಳು.

"ಭಾನುವಾರ ಬಂದ್ರೆ ಕಿವಿ ಕೆಪ್ಪಾಗ್ತದೆ," ಎಂದಳು. "ಗಾಡಿ ರೇಸು. ಒಳಗಿಂದ ಏನೋ ಲೋಟದ ಥರದ್ದು ಕಿತ್ತು ಪಕ್ಕಕ್ಕಿಟ್ಟು ಓಡಿಸ್ತಾರೆ. ಹಾಗೆ ಮಾಡಿದ್ರೆ ಸದ್ದು ಜೋರಾಗಿ ಬರ್ತದಂತೆ. ಅದಕ್ಕೊಂದು ಖುಷಿ."

ಅತ್ತಿಗೆ ಚಿಟಿಕೆ ಮರಳು ಕಾಗದದಲ್ಲಿ ಕಟ್ಟಿಕೊಂಡರು. ದಾರಿಯಲ್ಲಿ ಬಿಡಿಭಾಗದ ಅಂಗಡಿಗೂ ಹೋದೆವು. ಈ ಕೆಂಪು ಫಿಲ್ಟರುಗಳನ್ನು ಮಾರಿದ್ದು ಆ ಅಂಗಡಿಯವನೇ, ಊರಲ್ಲಿ ಬೇರೆ ಯಾರ ಬಳಿಯೂ ಅವು ಇಲ್ಲ. ಅವನು ಪುಸ್ತಕ ನೋಡಿ ಹೇಳಿದ: "ಹೋದ ವಾರಕ್ಕಿಂತ ಹಿಂದಿನ ಸೋಮವಾರ ಒಂದು ಹೋಗಿದೆ. ಶೆಡ್ಡಿಂದ ಅಂತ ಫೋನ್ ಬಂತು. ಗಂಡಸಿನ ದನಿ. ಗೇಟಲ್ಲಿ ಕಾವಲಿನವನ ಕೈಗೆ ಕೊಟ್ಟು ಬಾ ಅಂದ್ರು, ಕೊಟ್ಟು ಬಂದೆ. ಯಾಕೆ, ಕೆಟ್ಟಿದ್ಯಾ?"

"ಅದು ಹೊಸತರಲ್ಲಿ ಎಣ್ಣೆ ಹಾಕಿಯೇ ಬರತ್ತಾ?"

"ಇಲ್ಲ ಅಮ್ಮ, ಒಣಗಿದ್ದೇ ಬರತ್ತೆ. ಎಣ್ಣೆ ನಾವು ಹಾಕ್ಕೋಬೇಕು."

ಮೇಸ್ತ್ರಿಯದೂ ಗಂಡಸಿನ ದನಿಯೇ ಎಂದು ನಾನು ಬಸ್ಸಿನಲ್ಲಿ ನೆನಪಿಸಿದೆ. "ನಾಳೆ ಮೂರು ಹೊಸ ಫಿಲ್ಟರ್ ಎರವಲು ತರಿಸು," ಎಂದಷ್ಟೇ ಅತ್ತಿಗೆ ಉತ್ತರಿಸಿದರು.

ಶನಿವಾರ ಮಧ್ಯಾಹ್ನ ಎಲ್ಲರೂ ಸೇರಿದ್ದು ತಮ್ಮನ ಕೋಣೆಯಲ್ಲೇ. ಯಜಮಾನರು ಮೊದಲು ಒಪ್ಪಲಿಲ್ಲ, ಆಫೀಸಿಗೇ ಬನ್ನಿ ಎಂದರು. "ಕೇಳಲೇಬೇಕಾದವನು ಎದ್ದು ಬರೋ ಹಾಗಿಲ್ಲ. ಅದಕ್ಕೇ ನಾವೇ ಹೋಗೋಣ," ಎಂದು ಅತ್ತಿಗೆ ಪಟ್ಟು ಹಿಡಿದರು. ಮಂಚದ ಪಕ್ಕದ ಒಂದೇ ಕುರ್ಚಿಯಲ್ಲಿ ಯಜಮಾನರು ಕುಳಿತರು. ಮ್ಯಾನೇಜರ್, ಮೇಸ್ತ್ರಿ, ಬಿಡಿಭಾಗದ ಅಂಗಡಿಯವನು ಗೋಡೆಗೆ ಒರಗಿ ನಿಂತರು. ಸ್ಪ್ಯಾನರ್ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ತಮ್ಮ ಗೋಡೆ ನೋಡುತ್ತಿದ್ದ.

ಅತ್ತಿಗೆ ನೆಲದ ಮೇಲೆ ಮೂರು ತಟ್ಟೆ ಇಟ್ಟರು. ಪ್ರತಿಯೊಂದರಲ್ಲೂ ಶೆಡ್ಡಿನ ಕರಿ ಧೂಳು, ಪಕ್ಕದಲ್ಲಿ ಒಂದೊಂದು ಹೊಸ ಫಿಲ್ಟರ್.

"ನಾನು ಕನ್ನಡಕದವಳು. ಎಂಜಿನ್ ನಂಗೆ ತಿಳಿಯಲ್ಲ," ಎಂದರು. "ಈ ಹುಡುಗಿ ಮಾಡಿದ ತಪ್ಪು ಎಂಥದ್ದು ಅಂತ ನೋಡ್ಬೇಕು. ಎಣ್ಣೆ ಇಲ್ಲದೆ ಓಡಿಸಿದ ಫಿಲ್ಟರ್ ಹೇಗಾಗತ್ತೆ ಅಂತ ನೀವು ಮೂರೂ ಜನ ಒಂದೊಂದರಲ್ಲಿ ಮಾಡಿ ತೋರಿಸಿ."

ಮೇಸ್ತ್ರಿ ಗೊಣಗುತ್ತ ಕುಕ್ಕರಗಾಲಲ್ಲಿ ಕೂತರು. ಎಡ ಅಂಗೈಯಿಂದ ಫಿಲ್ಟರಿನ ಬಾಯಿ ಮುಚ್ಚಿ, ಬಲಗೈಯಿಂದ ಹೊರಮೈಗೆ ಮಾತ್ರ ಧೂಳು ಉದುರಿಸಿ ತಟ್ಟಿದರು. ಅಂಗಡಿಯವನು ಬಾಯಿಗೆ ಬಟ್ಟೆ ತುರುಕಿ, ಹೊರಗಿನ ಮಡಿಕೆಗಳಿಗೆ ಬೆರಳಿನಿಂದ ಧೂಳು ತೀಡಿದ. ಮ್ಯಾನೇಜರ್ ತನ್ನದನ್ನು ತಟ್ಟೆಯಲ್ಲಿ ಹಿಟ್ಟಿನ ಉಂಡೆಯಂತೆ ಹೊರಳಿಸಿದ. ಆಮೇಲೆ ಒಂದು ಹಿಡಿ ಧೂಳನ್ನು ಬಾಯೊಳಗೆ ಸುರಿದು ಒಳಮೈಗೆಲ್ಲ ಚೆನ್ನಾಗಿ ತಿಕ್ಕಿದ. "ಹೀಗೆ," ಎಂದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

ಅತ್ತಿಗೆ ಮ್ಯಾನೇಜರ್ ತಂದಿದ್ದ ಚೀಲದಿಂದ ಸಾಕ್ಷಿಯ ಫಿಲ್ಟರ್ ತೆಗೆದು ಮೂರರ ಪಕ್ಕದಲ್ಲಿಟ್ಟರು. ಅದು ಮ್ಯಾನೇಜರ್ ಮಾಡಿದ ಫಿಲ್ಟರಿನ ಅವಳಿಯಂತಿತ್ತು. ಮೇಸ್ತ್ರಿ ಬಗ್ಗಿ ನೋಡಿ ನಾಲಗೆ ಕಚ್ಚಿಕೊಂಡರು.

"ಗಾಳಿ ಹೊರಗಿಂದ ಒಳಕ್ಕೆ ಬರತ್ತೆ. ಅದಕ್ಕೆ ಧೂಳು ಕೂರೋದು ಹೊರಗೆ," ಅತ್ತಿಗೆ ಹೇಳಿದರು. "ಕಾಗದದ್ದಾಗಲಿ ಬಟ್ಟೆಯದಾಗಲಿ, ಈ ಕೆಲಸ ಮಾಡಿದ ಕೈಗೆ ಅದು ಹೇಳಿಕೊಡಬೇಕಾಗಿಲ್ಲ. ಈ ಇಬ್ಬರೂ ಯೋಚಿಸದೆ ಬಾಯಿ ಮುಚ್ಚಿದ್ರು."

"ಎಣ್ಣೆ ಇಲ್ದೆ ಧೂಳು ಒಳಗೆ ನುಗ್ಗಿದೆ ಅಂತಲೇ ನಾನು ಹೇಳ್ತಿರೋದು," ಮ್ಯಾನೇಜರ್ ಅಂದ.

"ನುಗ್ಗಿದ್ದು ಅಲ್ಲಿ ಕೂತ್ಕೊಂಡಿರತ್ತೇನಪ್ಪ?" ಎಂದರು ಮೇಸ್ತ್ರಿ. "ಎಂಜಿನ್ ಎಳ್ಕೊಂಡು ಬಿಡತ್ತೆ. ಹೀಗೆ ದಪ್ಪಗೆ ಮೆತ್ತಿಕೊಂಡಿರಲ್ಲ."

"ಮತ್ತೆ, ಎಂಜಿನ್ ಎಳ್ಕೊಂಡಿದ್ದು ಇದು," ಎಂದು ಅತ್ತಿಗೆ ಎರಡು ಕಾಗದದ ಪೊಟ್ಟಣ ಬಿಚ್ಚಿ, ಯಜಮಾನರ ಕೈಗೆ ಭೂತಗನ್ನಡಿ ಕೊಟ್ಟರು. "ಒಂದು ಎಂಜಿನ್ನಿನ ಕೊಳವೇಲಿ ಸಿಕ್ಕಿದ್ದು, ಇನ್ನೊಂದು ಒಣಹೊಳೆಯದ್ದು. ಎರಡರಲ್ಲೂ ಕಾಗೆಬಂಗಾರ ಇದೆ. ಫಿಲ್ಟರಲ್ಲಿ ಕರಿ ಧೂಳು, ಅದನ್ನು ದಾಟಿದ ಮೇಲೆ ಬಿಳಿ ಮರಳು. ಅದು ಹೇಗೆ? ಈ ಕಾಳುಗಳು ಬಟ್ಟೆಯ ಕಣ್ಣಿಗಿಂತ ದಪ್ಪ. ಎಣ್ಣೆ ಇರ್ಲಿ ಇಲ್ದೇ ಇರ್ಲಿ ತೂರಲ್ಲ. ಮರಳು ಒಳಗೆ ಹೋದಾಗ ಅಲ್ಲಿ ಫಿಲ್ಟರೇ ಇರ್ಲಿಲ್ಲ."

ಆಮೇಲೆ ಐದನೇ ಗಾಡಿಯಿಂದ ಬಿಚ್ಚಿ ತರಿಸಿದ್ದ ಫಿಲ್ಟರನ್ನು ತೋರಿಸಿದರು. ಪೆಟ್ಟಿಗೆಯ ಅಂಚು ಒತ್ತಿ ಒತ್ತಿ ಅದರ ರಬ್ಬರಿನ ಮೇಲೆ ಸುತ್ತಲೂ ಗೆರೆ ಬಿದ್ದಿತ್ತು. ಮೂರು ತಿಂಗಳು ಕನ್ನಡಕ ಹಾಕಿದವರ ಮೂಗಿನ ಮೇಲೆ ಗುರುತು ಬೀಳುವುದಿಲ್ಲವೇ, ಹಾಗೆ. ಸಾಕ್ಷಿಯ ಫಿಲ್ಟರಿನ ರಬ್ಬರಿನ ಮೇಲೆ ಒಂದು ಗೆರೆಯೂ ಇರಲಿಲ್ಲ.

"ಇದು ಯಾವ ಗಾಡೀಲೂ ಓಡಿದ್ದಲ್ಲ. ಬಿದ್ದ ಹಿಂದಿನ ದಿನ, ಸೋಮವಾರ, ಶೆಡ್ಡಿನ ಗೇಟಿಗೆ ಬಂದ ಹೊಸ ಫಿಲ್ಟರ್. ಒಣಗಿದ್ದೇ ಬರತ್ತೆ, ಅದಕ್ಕೇ ಎಣ್ಣೆ ಇಲ್ಲ. ತರಿಸಿದ್ದು ಗಂಡಸು. ಮೇಸ್ತ್ರಿ ತರಿಸಿದ್ರೆ ಬಾಯಿ ಮುಚ್ಚಿ ಧೂಳು ಹಾಕ್ತಿದ್ರು. ಅಲ್ಲದೆ ಗಾಡಿ ಬಿದ್ದಲ್ಲಿಗೆ ಒಬ್ಬರೇ ಹೋಗಿ, ಖಾಲಿ ಪೆಟ್ಟಿಗೇಲಿ ಇದನ್ನ ಇಟ್ಟು ತರೋ ಅವಕಾಶ ಇದ್ದಿದ್ದು ಒಬ್ಬರಿಗೇ." ಅತ್ತಿಗೆ ಮಂಚದ ಕಡೆ ತಿರುಗಿದರು. ದನಿ ಏರಲಿಲ್ಲ, ಆದರೆ ಮಡಿಸಿಟ್ಟದ್ದು ಬಿಚ್ಚುತ್ತಿದೆ ಎಂದು ನನಗೆ ಗೊತ್ತಾಯಿತು. "ನಿನಗೆ ಸೋಮವಾರ ಬೆಳಿಗ್ಗೆ ಏನು ಹೇಳಿದ್ರಪ್ಪ? ಎಲ್ಲರಿಗೂ ಹೇಳು."

ತಮ್ಮ ಗೋಡೆಯಿಂದ ಮುಖ ತಿರುಗಿಸಿದ. "ಅದು ನಿಮ್ಮಕ್ಕ ಹಾಕಿರೋ ಫಿಲ್ಟರಿನ ಸದ್ದು ಅಂದ್ರು."

"ಫಿಲ್ಟರ್ ಇಲ್ದೇ ಇರೋ ಗಾಡಿಯ ಸದ್ದು ಅದು. ಅವರಿಗೆ ಗೊತ್ತಿತ್ತು. ಅವತ್ತೇ ಫೋನ್ ಮಾಡಿ ಹೊಸತು ತರಿಸಿದ್ರು. ಅದು ಬರೋ ತನಕ ಗಾಡಿ ನಿಲ್ಲಿಸು ಅಂದಿದ್ರೆ, ಯಾಕೆ ಅಂತ ಯಾರಾದ್ರೂ ಕೇಳ್ತಿದ್ರು. ಬಂದ ಮೇಲೂ ಯಾರ ಕಣ್ಣಿಗೂ ಬೀಳದೆ ಹಾಕೋಕೆ ಹೊತ್ತು ಸಿಗ್ಲಿಲ್ಲ. ಆ ಒಂದು ಪ್ರಶ್ನೆಗೆ ಹೆದರಿ ನಿನ್ನ ಎರಡು ದಿನ ರಸ್ತೆಗೆ ಕಳಿಸಿದ್ರು."

ಮ್ಯಾನೇಜರನ ಕೈಯ ಕರಿ ಧೂಳು ಅವನ ಒಳ್ಳೆಯ ಅಂಗಿಗೆಲ್ಲ ಮೆತ್ತಿತ್ತು. "ಒಂದು ಭಾನುವಾರ ತಗೊಂಡು ಹೋಗಿದ್ದಕ್ಕೆ ಇಷ್ಟು ದೊಡ್ಡದು ಮಾಡ್ಬೇಕಾ?" ಎಂದ. "ಫಿಲ್ಟರ್ ಪಕ್ಕದಲ್ಲಿಟ್ಟಿದ್ದೆ, ಮರಳಲ್ಲಿ ಎಲ್ಲೋ ಹೋಯ್ತು. ಬೀಳ್ತಾನೆ ಅಂತ ನಾನೇನು ಕನಸು ಕಂಡಿದ್ನಾ?"

ನಾನು ಏನೋ ಕೂಗಿದೆ. ಏನೆಂದು ಇಲ್ಲಿ ಬರೆಯುವಂತಿಲ್ಲ. ಮೇಸ್ತ್ರಿ ನನ್ನ ಮುಂದೆ ಅಡ್ಡ ನಿಂತರು, ನಾನು ಅವನ ಮೇಲೆ ಬೀಳದಂತೆ ಇರಬೇಕು.

ಯಜಮಾನರು ಭೂತಗನ್ನಡಿಯನ್ನು ಅತ್ತಿಗೆಗೆ ಹಿಂದಿರುಗಿಸಿದರು. "ಆದದ್ದು ಆಗಿಹೋಯ್ತು. ಮನೆ ವಿಷಯ, ಇಲ್ಲಿಗೇ ಬಿಡೋಣ. ಸೋಮವಾರದಿಂದ ನೀನು ಕೆಲಸಕ್ಕೆ ಬಾಮ್ಮ," ಎಂದರು. ನೋಡಿ, ಇದಕ್ಕೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವಳ ತಪ್ಪಾಗಿದ್ದಾಗ ಅದು ಪ್ರಯೋಗಾಲಯದವರೆಗೆ ಹೋಗಬೇಕಾದ ವಿಷಯ, ಅಳಿಯನ ತಪ್ಪಾದ ಕೂಡಲೇ ಮನೆ ವಿಷಯ.

ಸ್ಪ್ಯಾನರ್ ಅಕ್ಕ ಬಾಗಿಲಿಂದ ಒಳಗೆ ಬಂದಳು. ಮಡಿಸಿದ ಹಾಳೆಯನ್ನು ಮ್ಯಾನೇಜರನ ಮುಂದೆ ಹಿಡಿದಳು.

"ಇದೇ ಕಾಗದ, ಇದೇ ಮಾತು. ನನ್ನ ಹೆಸರಿನ ಜಾಗದಲ್ಲಿ ನಿಮ್ಮದು ಹಾಕಿ, ನಡೆದದ್ದು ನಡೆದ ಹಾಗೆ ಬರೀರಿ. ಪ್ರಯೋಗಾಲಯಕ್ಕೆ ಒಂದು, ಪೊಲೀಸಿಗೆ ಒಂದು, ಶೆಡ್ಡಿನ ಗೋಡೆಗೆ ಒಂದು. ಅದಾದ ಮೇಲೆ ಕೆಲಸದ ಮಾತು."

ಯಜಮಾನರು ಮೇಸ್ತ್ರಿಯ ಮುಖ ನೋಡಿದರು. "ಅವಳು ಬರದಿದ್ರೆ ನಾನೂ ಬರಲ್ಲ," ಎಂದರು ಮೇಸ್ತ್ರಿ, ಅದೇ ಹುಳಿ ಮುಖದಲ್ಲಿ. ಅಳಿಯ ಅಲ್ಲೇ, ಮಂಚದ ತುದಿಯಲ್ಲಿ ಕಾಗದವಿಟ್ಟು, ಮೂರು ಪ್ರತಿ ಬರೆದ. ನಾನು ಪಕ್ಕದಲ್ಲಿ ನಿಂತು ಪ್ರತಿಯೊಂದು ಕಾಗುಣಿತವನ್ನೂ ತಿದ್ದಿಸಿದೆ. 'ನಿರ್ಲಕ್ಷ್ಯ' ಎಂಬ ಪದವನ್ನು ಅವನಿಂದ ನಾಲ್ಕು ಸಲ ಬರೆಸಿದೆ. ಮೂರನೇ ಸಲವೇ ಸರಿಯಾಗಿತ್ತು.

ಎಲ್ಲರೂ ಹೋದ ಮೇಲೆ ಅತ್ತಿಗೆ ಕೊಡೆ ತೆಗೆದುಕೊಂಡರು. ನಾವು ಹೊರಡುವಾಗ ತಮ್ಮ ಅಕ್ಕನನ್ನೇ ನೋಡುತ್ತಿದ್ದ. ಅವಳು ನೆಲದ ಮೇಲಿನ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು.

"ಅಕ್ಕ," ಎಂದ ಅವನು.

"ಗಾಡಿ ಕೂಗ್ತಿದೆ ಅಂತ ನೀನು ಹೋಗಿ ಆ ಮ್ಯಾನೇಜರನ್ನ ಕೇಳಿದೆ," ಅವಳು ತಲೆ ಎತ್ತದೆ ಹೇಳಿದಳು. "ಹತ್ತು ಹೆಜ್ಜೆ ಆಚೆ ನಾನು ಕೂತಿದ್ದೆ ಕಣೋ. ನನ್ನ ಒಂದು ಮಾತು ಕೇಳಲಿಲ್ಲ. ಬಿದ್ದ ಮೇಲೂ ಕೇಳಲಿಲ್ಲ."

ಅವನು ಅಳತೊಡಗಿದ. ಕಾಲು ಅಲ್ಲಾಡಿದರೆ ನೋಯುತ್ತದೆಂದು ಉಸಿರು ಬಿಗಿಹಿಡಿದು ಅಳುತ್ತಿದ್ದ.

"ಅಳಬೇಡ. ಮೊದಲು ಕಾಲು ವಾಸಿ ಆಗ್ಲಿ. ಆಮೇಲೆ ಬೈತೀನಿ."

"ಅಲ್ಲೀ ತನಕ ನನ್ನ ಕೈಲಿ ಆಗಲ್ಲಕ್ಕ. ಈಗಲೇ ಬೈದುಬಿಡು."

ಅವಳು ತಟ್ಟೆಗಳನ್ನು ಕೆಳಗಿಟ್ಟು, ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಬೈಯಲು ಶುರುಮಾಡಿದಳು. ನಾವು ಮೆಟ್ಟಿಲಿಳಿದು ಬೀದಿಯ ತಿರುವು ತಲುಪುವವರೆಗೂ ಅವಳ ದನಿ ಕೇಳಿಸುತ್ತಲೇ ಇತ್ತು.